ಸಿಗ್ನಲಿಂಗ್ ಪ್ರೊಟೊಕಾಲ್‌ಗಳು: ಚಲಿಸುವ ಫೋನು, ಕವಲೊಡೆದ ಹಾದಿ

ಫೋನು, ಟವರ್, ವಿನಿಮಯ ಕೇಂದ್ರ, ಸರ್ವರ್‌ಗಳು ಮಾತನ್ನೋ ಡೇಟಾವನ್ನೋ ಸಾಗಿಸುವ ಮೊದಲು, ಸಾಗಿಸುವಾಗ ಮತ್ತು ಮುಗಿಸುವಾಗ ತಮ್ಮತಮ್ಮಲ್ಲೇ ನಡೆಸುವ ವ್ಯವಹಾರದ ಮಾತುಕತೆಗೆ ಸಿಗ್ನಲಿಂಗ್ ಎನ್ನುತ್ತಾರೆ. ಆ ಮಾತುಕತೆಯ ಕಟ್ಟಳೆಗಳೇ ಸಿಗ್ನಲಿಂಗ್ ಪ್ರೊಟೊಕಾಲ್‌ಗಳು. ಚಂದಾದಾರ ಈಗ ಎಲ್ಲಿದ್ದಾನೆ, ಅವನಿಗೆ ಬಂದ ಕರೆಯನ್ನು ಎತ್ತ ಕಳಿಸಬೇಕು, ಅವನ ವಿಡಿಯೊಗೆ ದಾರಿಯುದ್ದಕ್ಕೂ ಎಷ್ಟು ಜಾಗ ಕಾಯ್ದಿಡಬೇಕು, ಬಳಕೆಯ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕು ಎಂಬುದೆಲ್ಲ ಇವುಗಳ ವ್ಯಾಪ್ತಿಗೆ ಬರುತ್ತದೆ. ಫೋನಿನ ಮೇಲ್ತುದಿಯಲ್ಲಿ ಕಾಣುವ ಕಡ್ಡಿಗಳು ರೇಡಿಯೊ ಅಲೆಯ ಬಲವನ್ನಷ್ಟೇ ತೋರಿಸುತ್ತವೆ. ನಾಲ್ಕೂ ಕಡ್ಡಿ ತುಂಬಿದ್ದು ಕರೆ ಮಾತ್ರ ಹೋಗದಿದ್ದರೆ, ತೊಡಕು ಹಲವು ಬಾರಿ ಈ ಒಳಮಾತುಕತೆಯಲ್ಲೇ ಇರುತ್ತದೆ.

ತಂತಿ ಫೋನಿನ ಕಾಲದಲ್ಲಿ ಇದೊಂದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಒಂದು ನಂಬರ್ ಎಂದರೆ ಒಂದು ತಂತಿ, ಒಂದು ಮನೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಪೋರ್ಟಿನ ಸ್ವಯಂಚಾಲಿತ ವಿನಿಮಯ ಕೇಂದ್ರ ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಚಂದಾದಾರನನ್ನು ಹುಡುಕುವ ಕೆಲಸ ಆ ಯಂತ್ರಕ್ಕೆ ಇರಲೇ ಇಲ್ಲ, ನಂಬರಿನಲ್ಲೇ ವಿಳಾಸ ಅಡಗಿತ್ತು. ಮೊಬೈಲ್ ಬಂದಾಗ ಈ ನಂಟು ಕಡಿಯಿತು. ಮಾತು ಹರಿಯುವ ಹಾದಿಯಿಂದ ಸಿಗ್ನಲಿಂಗಿನ ಹಾದಿಯನ್ನು ಬೇರ್ಪಡಿಸಿದ ಎಸ್‌ಎಸ್7 ಎಂಬ ವ್ಯವಸ್ಥೆಗೆ 1980ರಲ್ಲೇ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತ್ತು. ಅದರ ಮೇಲೆ ನಿಂತ ಜಿಎಸ್‌ಎಂ ಎಂಬ ಮೊಬೈಲ್ ವ್ಯವಸ್ಥೆ ಎರಡು ಖಾತೆ ಪುಸ್ತಕಗಳನ್ನು ಇಟ್ಟುಕೊಂಡಿತು. ಚಂದಾದಾರ ಯಾರು ಎಂಬುದನ್ನು ಬರೆದಿಡುವ ತವರು ದಾಖಲೆ ಒಂದು, ಈಗ ಯಾವ ಸೀಮೆಯಲ್ಲಿದ್ದಾನೆ ಎಂಬುದನ್ನು ಬರೆದಿಡುವ ಭೇಟಿ ದಾಖಲೆ ಇನ್ನೊಂದು. 1995ರ ಜುಲೈ 31ರಂದು ಭಾರತದ ಮೊದಲ ಮೊಬೈಲ್ ಕರೆ ನಡೆಯುವ ಹೊತ್ತಿಗೆ ‘ಯಾರು’ ಮತ್ತು ‘ಎಲ್ಲಿ’ ಎಂಬ ಪ್ರಶ್ನೆಗಳನ್ನು ಬೇರೆಬೇರೆ ಇಡಬೇಕೆಂಬ ತಿಳಿವಳಿಕೆ ದೂರವಾಣಿ ಜಗತ್ತಿಗೆ ಬಂದಾಗಿತ್ತು. ಇಂಟರ್ನೆಟ್ಟಿಗೆ ಮಾತ್ರ ಅದು ಬಹಳ ತಡವಾಗಿ ಬಂತು. ಐಪಿ ವಿಳಾಸ ಎಂಬ ಒಂದೇ ಅಂಕಿಗೆ ಅಲ್ಲಿ ಎರಡೂ ಹೊಣೆ ಹೊರಿಸಲಾಗಿತ್ತು. ಮುಂದೆ ಹೇಳುವ ತೊಡಕುಗಳಲ್ಲಿ ಹಲವಕ್ಕೆ ಬೇರು ಅಲ್ಲಿದೆ.

ಎರಡು ನದಿಗಳ ನಡುವೆ

ಈ ತೊಡಕುಗಳನ್ನು ನೋಡಲು ರಾಯಚೂರು ದೋಆಬಿನಂಥ ಜಾಗ ಸಿಗುವುದು ಕಷ್ಟ. ಯರಗೇರಾ ಎಂಬ ಊರು ಇರುವುದು ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 167ರ ಮೇಲೆ. ಇದೇ ರಸ್ತೆ ಉತ್ತರಕ್ಕೆ ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟಿ ತೆಲಂಗಾಣಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಗಿಲ್ಲೇಸುಗೂರು ಹಾದು, ತುಂಗಭದ್ರೆ ದಾಟಿ, ಆಂಧ್ರದ ಮಾಧವರಂ ಸೇರುತ್ತದೆ. ಒಂದೇ ರಸ್ತೆ, ಎರಡು ನದಿ, ಎರಡು ರಾಜ್ಯಗಡಿ. ದೂರಸಂಪರ್ಕದ ಲೆಕ್ಕ ಮಾತ್ರ ಬೇರೆ. ದೇಶವನ್ನು 22 ಸೇವಾ ವಲಯಗಳಾಗಿ ಹಂಚಿದ್ದಾರೆ, ಜನರ ಬಾಯಲ್ಲಿ ಅವು ‘ಸರ್ಕಲ್’. 2014ರಲ್ಲಿ ತೆಲಂಗಾಣ ಬೇರೆ ರಾಜ್ಯವಾದರೂ ಸರ್ಕಲ್ ಒಡೆಯಲಿಲ್ಲ. ಹಾಗಾಗಿ ಯರಗೇರಾದ ಫೋನು ಬಡಗಣ ಸೇತುವೆ ದಾಟಲಿ, ತೆಂಕಣ ಸೇತುವೆ ದಾಟಲಿ, ಬೀಳುವುದು ಅದೇ ಆಂಧ್ರಪ್ರದೇಶ ಸರ್ಕಲ್ಲಿಗೆ.

ಪ್ರತಿ ಟವರ್ ತಾನು ಯಾವ ಜಾಲಕ್ಕೆ ಸೇರಿದ್ದೆಂದು ಬಿಡುವಿಲ್ಲದೆ ಸಾರುತ್ತಿರುತ್ತದೆ. ಏರ್‌ಟೆಲ್‌ನ ಕರ್ನಾಟಕ ಜಾಲದ ಸಂಖ್ಯೆ 404-45, ಆಂಧ್ರ ಜಾಲದ್ದು 404-49. ಬಿಎಸ್‌ಎನ್‌ಎಲ್‌ಗೆ ಕ್ರಮವಾಗಿ 404-71 ಮತ್ತು 404-73. ಬಿಲ್ಲಿನ ಮೇಲೆ ಒಂದೇ ಕಂಪನಿ, ಆದರೆ ಫೋನಿನ ಕಣ್ಣಿಗೆ ಇವು ಬೇರೆಬೇರೆ ಜಾಲಗಳು. ನದಿಯ ಬಯಲಿನಲ್ಲಿ ಅಲೆಗೆ ಅಡ್ಡಿ ಕಡಿಮೆ, ಆಚೆ ದಡದ ಟವರ್ ಈಚೆ ಊರಿಗೂ ಕೇಳಿಸುತ್ತದೆ. ರೋಮಿಂಗಿಗೆ ದುಡ್ಡು ಕೀಳುತ್ತಿದ್ದ ಕಾಲದಲ್ಲಿ ಗಡಿಯೂರಿನವರು ಸ್ವಂತ ಹೊಲದಲ್ಲಿ ನಿಂತೇ ‘ಆಂಧ್ರಕ್ಕೆ ಸ್ವಾಗತ’ ಎಂಬ ಮೆಸೇಜು ಓದುತ್ತಿದ್ದರು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ಒಳಬರುವ ಕರೆಗಳ ರೋಮಿಂಗ್ ಶುಲ್ಕ ತೆಗೆಯಿತು. ಅದೇ ವರ್ಷದ ಜುಲೈ 3ರಿಂದ ನಂಬರ್ ಉಳಿಸಿಕೊಂಡೇ ದೇಶದ ಯಾವ ಸರ್ಕಲ್ಲಿಗಾದರೂ ಹೋಗುವ ಅವಕಾಶ ಬಂತು. ಕಾಸಿನ ಗಡಿ ಅಳಿಯಿತು, ಸಿಗ್ನಲಿಂಗಿನ ಗಡಿ ಇದ್ದಲ್ಲೇ ಇದೆ.

ಸೇತುವೆ ದಾಟುವ ಹೊತ್ತು

ಯರಗೇರಾದಲ್ಲಿ ಮಂತ್ರಾಲಯದ ಬಸ್ ಹತ್ತಿ, ಕಿವಿಗೆ ಫೋನಿಟ್ಟು ಮಾತಾಡುತ್ತ ಕೂತವರ 4ಜಿ ಫೋನಿನೊಳಗೆ ಏನಾಗುತ್ತದೆ ಎಂದು ನೋಡೋಣ. ಫೋನು ತಾನಿರುವ ಟವರಿನ ಬಲವನ್ನೂ ಸುತ್ತಲಿನ ಟವರ್‌ಗಳ ಬಲವನ್ನೂ ಅಳೆಯುತ್ತಲೇ ಇರುತ್ತದೆ. ನೆರೆಯದು ನಿಗದಿತ ಡೆಸಿಬೆಲ್‌ನಷ್ಟು ಹೆಚ್ಚು ಬಲವಾಗಿ, ನಿಗದಿತ ಹೊತ್ತಿನವರೆಗೆ ಹಾಗೆಯೇ ಉಳಿದರೆ, ‘ಅದು ಮೇಲು’ ಎಂದು ತನ್ನ ಟವರಿಗೆ ವರದಿ ಒಪ್ಪಿಸುತ್ತದೆ. ಆ ಹೊತ್ತನ್ನು ಸೊನ್ನೆಯಿಂದ 5,120 ಮಿಲಿಸೆಕೆಂಡಿನವರೆಗೆ ಇಟ್ಟುಕೊಳ್ಳಲು ನಿಯಮದಲ್ಲಿ ಎಡೆಯಿದೆ. ಕಡಿಮೆ ಇಟ್ಟರೆ ಫೋನು ಎರಡು ದಡಗಳ ನಡುವೆ ಚೆಂಡಿನಾಟಕ್ಕೆ ಬೀಳುತ್ತದೆ. ಹೆಚ್ಚು ಇಟ್ಟರೆ ವರದಿ ತಲುಪುವ ಮುಂಚೆಯೇ ಹಳೆಯ ಟವರ್ ಕೈತಪ್ಪಿಹೋಗುತ್ತದೆ. ಗಂಟೆಗೆ 60 ಕಿ.ಮೀ. ಓಡುವ ಬಸ್ಸು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ.

ಎರಡೂ ಟವರ್ ಒಳಜಾಲದ ಒಂದೇ ನಿಯಂತ್ರಕದ ಕೆಳಗಿದ್ದರೆ ಕೆಲಸ ಸುಲಭ. ಹಳೆಯ ಟವರ್ ಹೊಸದಕ್ಕೆ ನೇರವಾಗಿ ಹೇಳುತ್ತದೆ, ಹೊಸದು ಜಾಗ ಮಾಡಿಕೊಳ್ಳುತ್ತದೆ, ಫೋನು ನೆಗೆಯುತ್ತದೆ, ‘ಇನ್ನು ಹಾದಿ ಈ ಕಡೆಗೆ ತಿರುಗಿಸಿ’ ಎಂಬ ಕೋರಿಕೆ ಒಳಜಾಲಕ್ಕೆ ಹೋಗುತ್ತದೆ. ಹಳೆಯ ಹಾದಿಯಲ್ಲಿ ಡೇಟಾದ ಕೊನೆಯ ಪೊಟ್ಟಣ (ಪ್ಯಾಕೆಟ್) ಬಂತೆಂದು ಗೊತ್ತಾಗಲು ಒಂದು ‘ಮುಗಿಯಿತು’ ಗುರುತನ್ನೂ ಕಳಿಸುತ್ತಾರೆ. ಇಲ್ಲದಿದ್ದರೆ ಹಳೆಯ ಮಾತು ಹೊಸ ಮಾತಿನ ಬೆನ್ನ ಹಿಂದೆ ಬಂದು ಕಲಸಿಹೋದೀತು. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತದೆ.

ತುಂಗಭದ್ರೆಯ ಸೇತುವೆಯ ಮೇಲೆ ನಿಯಂತ್ರಕವೂ ಬದಲಾಗುತ್ತದೆ, ಜಾಲದ ಸಂಖ್ಯೆಯೂ ಬದಲಾಗುತ್ತದೆ. ಆಚೆಯ ನಿಯಂತ್ರಕ ಈಚೆಯದರಿಂದ ಚಂದಾದಾರನ ಕಡತ ತರಿಸಿಕೊಳ್ಳಬೇಕು. ‘ಆ ಸಂಖ್ಯೆಯನ್ನೂ ನಮ್ಮದೆಂದೇ ತಿಳಿ’ ಎಂದು ಫೋನಿಗೆ ಮೊದಲೇ ಹೇಳಿರಬೇಕು, ಎರಡೂ ದಡದ ಟವರ್‌ಗಳು ಪರಸ್ಪರ ನೆರೆಯವರೆಂದು ಪಟ್ಟಿಯಲ್ಲಿರಬೇಕು. ಇದರಲ್ಲಿ ಯಾವುದಾದರೂ ಒಂದು ತಪ್ಪಿದರೂ ಮಾತು ನಡುವೆಯೇ ಕಡಿಯುತ್ತದೆ. ಫೋನು ಹೊಸದಾಗಿ ಜಾಲ ಹುಡುಕಿ, ತನ್ನ ಹಳೆಯ ತಾತ್ಕಾಲಿಕ ಗುರುತನ್ನು ಹೊಸ ನಿಯಂತ್ರಕಕ್ಕೆ ತೋರಿಸುತ್ತದೆ. ಆ ಗುರುತು ಕೊಟ್ಟವರು ಯಾರೆಂದು ಪತ್ತೆಯಾಗದಿದ್ದರೆ ‘ನೀನು ಯಾರೆಂದು ತಿಳಿಯಲಿಲ್ಲ’ ಎಂಬ ಅರ್ಥದ 9ನೇ ಸಂಖ್ಯೆಯ ನಿರಾಕರಣೆ ಬರುತ್ತದೆ. ಆಮೇಲೆ ಮೊದಲಿನಿಂದ ನೋಂದಣಿ, ಹೊಸ ಐಪಿ ವಿಳಾಸ. ಬಸ್ಸಿನಲ್ಲಿದ್ದವರಿಗೆ ಇದೆಲ್ಲ ಕಾಣಿಸುವುದು ‘ಟವರ್ ಸಿಗವಲ್ದು’ ಎಂಬ ಒಂದೇ ರೂಪದಲ್ಲಿ.

ಮರಳಿ ಬರುವಾಗ ಇನ್ನೊಂದು ವಿಚಿತ್ರವಿದೆ. ಇದನ್ನು ಫೋನು ರಿಪೇರಿಯವರೂ ಸರಿಯಾಗಿ ವಿವರಿಸುವುದಿಲ್ಲ. ಎರಡು ಜಾಲಗಳನ್ನು ಸಮಾನವೆಂದು ಸಾರದಿದ್ದಾಗ, ಸ್ವದೇಶದ ಅನ್ಯಜಾಲದಲ್ಲಿರುವ ಫೋನು ತನ್ನ ತವರು ಜಾಲ ಸಿಗುತ್ತದೆಯೇ ಎಂದು ನೋಡುವುದು ಆಗಾಗ ಮಾತ್ರ. ಎಷ್ಟು ಹೊತ್ತಿಗೊಮ್ಮೆ ಎಂಬುದು ಸಿಮ್ ಕಾರ್ಡಿನಲ್ಲಿ ಬರೆದಿರುತ್ತದೆ. 6 ನಿಮಿಷದಿಂದ 8 ಗಂಟೆಯವರೆಗೆ ಅದನ್ನು ಇಡಬಹುದು, ಏನೂ ಬರೆಯದಿದ್ದರೆ 60 ನಿಮಿಷ. ಹೀಗಾಗಿ ಮಾಧವರಂನಿಂದ ಮರಳಿದ ಫೋನು, ಆಚೆಯ ಟವರ್ ಕ್ಷೀಣವಾಗಿಯಾದರೂ ಕೇಳಿಸುತ್ತಿರುವವರೆಗೆ, ಈಚೆಯ ಬಲವಾದ ಟವರಿನ ಬುಡದಲ್ಲೇ ನಿಂತು ಅದಕ್ಕೆ ಜೋತುಬಿದ್ದಿರಬಲ್ಲದು. ಏರೋಪ್ಲೇನ್ ಮೋಡ್ ಒತ್ತಿ ತೆಗೆದರೆ ಸರಿಹೋಗುವುದೇಕೆಂದರೆ ಆಗ ಹುಡುಕಾಟ ಹೊಸದಾಗಿ ಶುರುವಾಗುತ್ತದೆ.

ಗುಂಪು ಕೂಡಿ ದಾಟಿದರೆ ತೊಂದರೆಯ ರೂಪವೇ ಬೇರೆ. ರಾಯಚೂರು ಬಿಟ್ಟ ರೈಲು ಮಟಮಾರಿ ದಾಟಿ ತುಂಗಭದ್ರೆಯ ಸೇತುವೆಗೆ ಬಂದಾಗ ನೂರಾರು ಫೋನುಗಳು ಒಂದೇ ಉಸಿರಿನಲ್ಲಿ ‘ನಾನಿಲ್ಲಿ ಬಂದೆ’ ಎನ್ನುತ್ತವೆ. ಶ್ರಾವಣದಲ್ಲಿ ರಾಯರ ಆರಾಧನೆಯ ದಿನಗಳಲ್ಲಂತೂ ಕರ್ನಾಟಕದ ಫೋನುಗಳ ಜಾತ್ರೆಯೇ ಮಂತ್ರಾಲಯದಲ್ಲಿ ನೆರೆಯುತ್ತದೆ. ಯಾರೂ ಮಾತಾಡದೆ ಸುಮ್ಮನಿದ್ದರೂ ನೋಂದಣಿಯ ಭಾರ ಇದ್ದೇ ಇರುತ್ತದೆ. 2012ರ ಜನವರಿಯಲ್ಲಿ ಟೋಕಿಯೊದಲ್ಲಿ ಎನ್‌ಟಿಟಿ ಡೊಕೊಮೊ ಜಾಲ ಕುಸಿದು ಸುಮಾರು 25 ಲಕ್ಷ ಜನರಿಗೆ ತೊಂದರೆಯಾದದ್ದು ಇಂಥ ನಿಯಂತ್ರಣ ಸಂದೇಶಗಳ ಮಹಾಪೂರದಿಂದ. ಫೋನಿನ ಆಪ್‌ಗಳು ಸಂಪರ್ಕ ಉಳಿಸಿಕೊಳ್ಳಲು ಆಗಾಗ ಮಿಡಿಯುತ್ತಿದ್ದುದು ಆ ಭಾರವನ್ನು ಹೆಚ್ಚಿಸಿತ್ತು. ಇದಕ್ಕೆ 4ಜಿಯ ಪರಿಹಾರ ಜಾಣತನದ್ದು. ಒಬ್ಬೊಬ್ಬ ಚಂದಾದಾರನಿಗೆ ಬೇರೆಬೇರೆ ಪ್ರದೇಶಪಟ್ಟಿ ಕೊಟ್ಟು, ಎಲ್ಲರೂ ಒಂದೇ ಗೆರೆಯ ಮೇಲೆ ಕೂಗು ಹಾಕದಂತೆ ನೋಡಿಕೊಳ್ಳುತ್ತಾರೆ. ಆದರೆ ಜಾಲದ ಸಂಖ್ಯೆಯೇ ಬದಲಾಗುವ ಗೆರೆಯಲ್ಲಿ ಈ ಜಾಣತನಕ್ಕೂ ಮಿತಿಯಿದೆ.

ದಾರಿಯಲ್ಲಿ ಕಾಯ್ದಿಡುವ ಕನಸು

ಇಂಟರ್ನೆಟ್ಟಿನ ಕಡೆ ಕತೆ ಬೇರೆ ರೀತಿ ನಡೆಯಿತು. 1996ರ ಮೊಬೈಲ್ ಐಪಿ ಫೋನಿಗೆ ಒಂದು ತವರು ವಿಳಾಸವನ್ನೂ ಒಂದು ತಾತ್ಕಾಲಿಕ ವಿಳಾಸವನ್ನೂ ಕೊಟ್ಟು, ತವರಿಗೆ ಬಂದ ಪೊಟ್ಟಣಗಳನ್ನು ಇನ್ನೊಂದು ಲಕೋಟೆಗೆ ಹಾಕಿ ಮುಂದೆ ಕಳಿಸುವ ಏರ್ಪಾಡು ಮಾಡಿತು. ಪಕ್ಕದ ಊರಿನ ಸರ್ವರಿನಿಂದ ಬರುವ ಡೇಟಾ ಕೂಡ ದೂರದ ತವರಿಗೆ ಹೋಗಿ ಸುತ್ತಿ ಬರಬೇಕಾದದ್ದು ಅದರ ಮೊದಲ ಬಾಧೆ.

1997ರ ಸೆಪ್ಟೆಂಬರಿನಲ್ಲಿ ಬಂದ ಆರ್‌ಎಸ್‌ವಿಪಿಯ ಗುರಿ ಬೇರೆ. ಡೇಟಾ ಸಾಗುವ ಹಾದಿಯ ಪ್ರತಿ ರೂಟರಿನಲ್ಲೂ ಜಾಗ ಕಾಯ್ದಿರಿಸುವುದು ಅದರ ಕೆಲಸ. ಮಾನ್ವಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಬರಬೇಕಾದರೆ ಮೇಲಿನ ಪ್ರತಿ ತೂಬಿನಲ್ಲೂ ಆ ಪಾಲು ಬಿಟ್ಟಿರಬೇಕು, ಒಂದು ಕಡೆ ತಪ್ಪಿದರೂ ಕೊನೆಗೆ ಒಣ ಕಾಲುವೆ. ಹೊಲವೇ ಇನ್ನೊಂದು ಉಪಕಾಲುವೆಗೆ ಹೋಗಿ ಕೂತರೆ? ಹೊಸ ಕಡೆ ಮತ್ತೆ ಪಾಲು ಕೇಳಬೇಕು, ಹಳೆಯ ಕಡೆ ಯಾರಿಗೂ ಬೇಡದ ನೀರು ಹರಿಯುತ್ತಲೇ ಇರುತ್ತದೆ. ಆರ್‌ಎಸ್‌ವಿಪಿ 30 ಸೆಕೆಂಡಿಗೊಮ್ಮೆ ‘ಇನ್ನೂ ಬೇಕು’ ಎಂದು ನವೀಕರಿಸುತ್ತದೆ. ನವೀಕರಣ ನಿಂತರೆ ಕಾಯ್ದಿಟ್ಟದ್ದು ತಾನಾಗಿ ಅಳಿಯುತ್ತದೆ, ಆದರೆ ಅದರ ಸಾಮಾನ್ಯ ಲೆಕ್ಕದಂತೆ ಅಳಿಯಲು 157 ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ನಮ್ಮ ಬಸ್ಸು ಎರಡೂವರೆ ಕಿ.ಮೀ. ದಾಟಿ, ಇನ್ನೆರಡು ಕಡೆ ಜಾಗ ಕೇಳಿರುತ್ತದೆ. ಇದಕ್ಕಿಂತ ದೊಡ್ಡ ದೋಷವೆಂದರೆ ಆರ್‌ಎಸ್‌ವಿಪಿ ಕಾಯ್ದಿಟ್ಟದ್ದನ್ನು ಐಪಿ ವಿಳಾಸದ ಹೆಸರಿನಲ್ಲೇ ಬರೆದುಕೊಳ್ಳುತ್ತದೆ. ವಿಳಾಸ ಬದಲಾದ ಫೋನು ಅದಕ್ಕೆ ಅಪರಿಚಿತ.

2001ರಲ್ಲಿ, ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಶುರು ಮಾಡಿದ ಎನ್‌ಎಸ್‌ಐಎಸ್ ತಂಡ ಈ ಗಂಟನ್ನು ಬಿಚ್ಚಲು ಕೂತಿತು. ಅವರು ಕಂಡುಕೊಂಡ ಮುಖ್ಯ ಉಪಾಯ 128 ಬಿಟ್ಟಿನ, ಯಾದೃಚ್ಛಿಕವಾಗಿ ಆರಿಸಿದ ‘ಸೆಷನ್ ಗುರುತು’. ವಿಳಾಸ ಎಷ್ಟು ಬಾರಿ ಬದಲಾದರೂ ಗುರುತು ಒಂದೇ. ಹಳೆಯ ಹಾದಿಯೂ ಹೊಸ ಹಾದಿಯೂ ಕೂಡುವ ರೂಟರ್ ಆ ಗುರುತನ್ನು ನೋಡಿ, ‘ಇದು ಹಳೆಯ ಗಿರಾಕಿಯೇ’ ಎಂದು ತಿಳಿದು, ತನ್ನಿಂದ ಆಚೆಗಿನದನ್ನು ಹಾಗೇ ಉಳಿಸಿ ಈಚೆಗಿನ ತುಂಡನ್ನಷ್ಟೇ ಹೊಸದಾಗಿ ಕಟ್ಟಬಹುದು. ಹಾಳೆಯ ಮೇಲೆ ಇದು ಅಂದವಾಗಿ ಕಾಣುತ್ತದೆ. ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟಿದವು.

ಮೊದಲನೆಯದು ಒಡೆತನ. ಗುರುತನ್ನು ಕದ್ದು ಕೇಳಿಸಿಕೊಂಡ ಮೂರನೆಯವನು ‘ಆ ಸೆಷನ್ ನನ್ನದು, ಈಗ ಈ ವಿಳಾಸಕ್ಕೆ ಬಂದಿದ್ದೇನೆ’ ಎಂದರೆ ದಾರಿಯ ರೂಟರ್ ಹೇಗೆ ಪರೀಕ್ಷಿಸಬೇಕು? ಅದಕ್ಕೆ ಈ ಫೋನಿನೊಂದಿಗೆ ಹಿಂದಿನ ಪರಿಚಯವಿಲ್ಲ, ಗುಟ್ಟಿನ ಕೀಲಿಯೂ ಇಲ್ಲ. ಹಳೆಯ ಹಾದಿಯನ್ನು ಅಳಿಸುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಫೋನು ಆ ದಡದಲ್ಲಿಲ್ಲ, ಅಳಿಸುವ ಸಂದೇಶವನ್ನು ಅಲ್ಲಿಂದ ಕಳಿಸಲಾರದು. ಕೂಡುವ ರೂಟರ್ ಅಳಿಸಬಹುದು, ಆದರೆ ಫೋನು ಮರುಕ್ಷಣವೇ ಹಳೆಯ ಟವರಿಗೆ ಮರಳಿದರೆ ಮಾಡಿದ್ದೆಲ್ಲ ವ್ಯರ್ಥ. ಮೊಬೈಲ್ ಐಪಿಯ ಲಕೋಟೆಯೊಳಗೆ ಹೋದ ಸಿಗ್ನಲಿಂಗ್ ಸಂದೇಶವಂತೂ ನಡುವಿನ ರೂಟರ್‌ಗಳ ಕಣ್ಣಿಗೆ ಬೀಳುವುದೇ ಇಲ್ಲ.

ಬಹುಮಾರ್ಗ ಸೇರಿದಾಗ

ಚಲನೆಯ ಜೊತೆಗೆ ಬಹುಮಾರ್ಗವೂ ಸೇರಿಕೊಂಡಾಗ ನಿಜವಾದ ಇಕ್ಕಟ್ಟು ಬಂತು. ಒಂದೇ ಸೆಷನ್ ಗುರುತು ಹೊತ್ತು ಬೇರೆ ಹಾದಿಯಿಂದ ಒಂದು ಕೋರಿಕೆ ಬಂದಿದೆ ಎನ್ನಿ. ಫೋನು ವೈಫೈ ಬಿಟ್ಟು ಮೊಬೈಲ್ ಜಾಲಕ್ಕೆ ಬಂದಿದೆಯೋ, ಎರಡನ್ನೂ ಒಟ್ಟಿಗೆ ಬಳಸಬೇಕೆಂದಿದೆಯೋ? ಮೊದಲನೆಯದಾದರೆ ಹಳೆಯದನ್ನು ಅಳಿಸಬೇಕು, ಎರಡನೆಯದಾದರೆ ಅಳಿಸಲೇಬಾರದು. ನಡುವಿನ ರೂಟರಿಗೆ ಎರಡೂ ಒಂದೇ ಥರ ಕಾಣುತ್ತವೆ. ಎನ್‌ಎಸ್‌ಐಎಸ್‌ನ ಗುಣಮಟ್ಟದ ಪ್ರೊಟೊಕಾಲ್ ಇದಕ್ಕಾಗಿಯೇ ‘ಬದಲಿಸು’ ಎಂಬ ಒಂದು ಬಿಟ್ಟನ್ನು ಸಂದೇಶದಲ್ಲಿ ಇಟ್ಟಿತು. ಫೋನಿಗೆ ತನ್ನ ಮನಸ್ಸು ಗೊತ್ತಿದ್ದರೆ ಅದು ಸಾಕು. ಆದರೆ ಕ್ಷೀಣಿಸುತ್ತಿರುವ ವೈಫೈ ಇನ್ನು ಹತ್ತು ಸೆಕೆಂಡು ಬದುಕುತ್ತದೆಯೇ ಎಂಬುದು ಫೋನಿಗೂ ಗೊತ್ತಿರುವುದಿಲ್ಲ.

ಇನ್ನೂ ಸೂಕ್ಷ್ಮವಾದದ್ದೊಂದಿದೆ. ದೊಡ್ಡ ಜಾಲಗಳಲ್ಲಿ ಎರಡು ರೂಟರ್‌ಗಳ ನಡುವೆ ಸಮಾನವಾದ ಹಲವು ಎಳೆಗಳಿರುತ್ತವೆ. ಯಾವ ಪೊಟ್ಟಣ ಯಾವ ಎಳೆಗೆ ಎಂಬುದನ್ನು ವಿಳಾಸ, ಪೋರ್ಟ್ ಸಂಖ್ಯೆಗಳನ್ನು ಕಲೆಸಿ ತೀರ್ಮಾನಿಸುತ್ತಾರೆ. ಹಾದಿ ಹುಡುಕಲು ಹೊರಟ ಸಿಗ್ನಲಿಂಗ್ ಪೊಟ್ಟಣದ ಪೋರ್ಟ್ ಬೇರೆ, ಅದರ ಹಿಂದೆ ಬರುವ ವಿಡಿಯೊದ ಪೋರ್ಟ್ ಬೇರೆ. ಫಲವಾಗಿ ಜಾಗ ಕಾಯ್ದಿಟ್ಟದ್ದು ಒಂದು ಎಳೆಯ ಮೇಲೆ, ವಿಡಿಯೊ ಹರಿದದ್ದು ಇನ್ನೊಂದರ ಮೇಲೆ! ಎಲ್ಲ ಸಂದೇಶಗಳೂ ಯಶಸ್ವಿ, ಪ್ರಯೋಜನ ಮಾತ್ರ ಸೊನ್ನೆ.

ಎನ್‌ಎಸ್‌ಐಎಸ್‌ನ ತಳಪದರವಾದ ಜಿಸ್ಟ್ 2010ರ ಅಕ್ಟೋಬರಿನಲ್ಲಿ ಪ್ರಕಟವಾಯಿತು, ಚಲಿಸುವ ಜಾಲಗಳಲ್ಲಿ ಅದರ ನಡವಳಿಕೆಯ ದಾಖಲೆ 2011ರ ಮಾರ್ಚಿನಲ್ಲಿ ಬಂತು. ‘ಪ್ರಾಯೋಗಿಕ’ ಎಂಬ ಮುದ್ರೆಯೊಂದಿಗೆ ಹೊರಬಂದ ಜಿಸ್ಟ್ ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ಬೇರೂರಲಿಲ್ಲ. ಅದನ್ನು ಸೋತ ಕೆಲಸವೆನ್ನುವುದು ತಪ್ಪು. ಸಮಸ್ಯೆಗಳನ್ನು ಅಷ್ಟು ನಿಖರವಾಗಿ ಬಿಡಿಸಿಟ್ಟವರು ಅದಕ್ಕೂ ಮೊದಲು ಇರಲಿಲ್ಲ. ಆದರೆ ದಾರಿಯ ಪ್ರತಿ ರೂಟರೂ ಪ್ರತಿ ಪಯಣಿಗನನ್ನು ನೆನಪಿಡಬೇಕೆಂಬ ಅದರ ಅಡಿಪಾಯ ಜಾಲಗಳ ಮಾಲೀಕರಿಗೆ ರುಚಿಸುವಂಥದ್ದಲ್ಲ. ಆರ್‌ಎಸ್‌ವಿಪಿ ಉಳಿದದ್ದು ಕಂಪನಿಗಳ ಒಳಜಾಲದಲ್ಲಿ ಹಾದಿ ಎಳೆಯುವ ಕೆಲಸಕ್ಕೆ, ಅದೂ 2001ರ ಬೇರೊಂದು ರೂಪದಲ್ಲಿ.

ನೆನಪು ತುದಿಗೆ ಸರಿದದ್ದು

ಗೆದ್ದದ್ದು ದಾರಿಯವರನ್ನು ಕೇಳದೆ, ಎರಡು ತುದಿಗಳೇ ನೆನಪನ್ನು ಹೊತ್ತುಕೊಳ್ಳುವ ಉಪಾಯ. ಇದರ ಮೊದಲ ಮಾದರಿ 2000ದ ಅಕ್ಟೋಬರಿನ ಎಸ್‌ಸಿಟಿಪಿ. ಒಂದೇ ಸಂಪರ್ಕಕ್ಕೆ ಎರಡೂ ಕಡೆ ಹಲವು ವಿಳಾಸಗಳಿರಬಹುದೆಂದು ಅದು ಒಪ್ಪಿತು. 4ಜಿ, 5ಜಿ ಟವರ್‌ಗಳು ತಮ್ಮ ನಿಯಂತ್ರಕದೊಂದಿಗೆ ಇವತ್ತಿಗೂ ಸಿಗ್ನಲಿಂಗ್ ನಡೆಸುವುದು ಇದರ ಮೇಲೆಯೇ. ದೇವದುರ್ಗದ ಕಡೆ ರಸ್ತೆ ಅಗಲ ಮಾಡುವ ಜೆಸಿಬಿ ಫೈಬರ್ ಕಡಿದರೂ, ಟವರಿಗೆ ಮೈಕ್ರೋವೇವ್‌ನ ಎರಡನೇ ಹಾದಿಯಿದ್ದರೆ ಸಂಪರ್ಕ ಬದುಕಬಲ್ಲದು. ಆದರೆ ಮೊದಲ ಹಾದಿ ಸತ್ತಿದೆ ಎಂದು ಒಪ್ಪಿಕೊಳ್ಳುವುದಕ್ಕೇ ಹೊತ್ತು ಬೇಕು. ಮೂಲ ನಿಯಮದ ಮೌಲ್ಯಗಳನ್ನು ಹಾಗೆಯೇ ಬಿಟ್ಟರೆ ಆರು ಬಾರಿ ಕಾಯಬೇಕು, ಪ್ರತಿ ಕಾಯುವಿಕೆ ಹಿಂದಿನದರ ದುಪ್ಪಟ್ಟು: 1, 2, 4, 8, 16, 32, ಒಟ್ಟು 63 ಸೆಕೆಂಡು. ಕರೆ ಮಾಡಿದವರು ಅಷ್ಟು ಹೊತ್ತು ಫೋನು ಹಿಡಿದಿರುತ್ತಾರೆಯೇ? ಬಲ್ಲ ಎಂಜಿನಿಯರುಗಳು ಈ ಅಂಕಿಗಳನ್ನು ಇಳಿಸುತ್ತಾರೆ. 2016ರಲ್ಲಿ ‘ಸತ್ತಿರಬಹುದು’ ಎಂಬ ನಡುವಿನ ಸ್ಥಿತಿಯೊಂದನ್ನೂ ಸೇರಿಸಲಾಯಿತು.

ಮಲ್ಟಿಪಾತ್ ಟಿಸಿಪಿ 2013ರ ಜನವರಿಯಲ್ಲಿ ಬಂತು, ಅದೇ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಧ್ವನಿ ಸಹಾಯಕ ಸಿರಿಗೆ ಅದನ್ನು ಅಳವಡಿಸಿತು. 2020ರಲ್ಲಿ ಅದರ ಪರಿಷ್ಕೃತ ರೂಪ ಹೊರಬಿತ್ತು. ಒಂದು ಸಂಪರ್ಕದ ಕೆಳಗೆ ವೈಫೈನ ಒಂದು ಉಪಹರಿವು, ಮೊಬೈಲ್ ಜಾಲದ ಇನ್ನೊಂದು. ಹೊಸ ಉಪಹರಿವು ಸೇರುವಾಗ ಮೊದಲ ಸಂಪರ್ಕದಲ್ಲಿ ಬದಲಾಯಿಸಿಕೊಂಡ ಕೀಲಿಯಿಂದ ಸಹಿ ಮಾಡಿ ತೋರಿಸಬೇಕು, ಎನ್‌ಎಸ್‌ಐಎಸ್‌ಗೆ ಕಾಡಿದ ಒಡೆತನದ ಪ್ರಶ್ನೆಗೆ ಇಲ್ಲಿ ಹೀಗೆ ಉತ್ತರ ಸಿಕ್ಕಿತು. ಎಲ್ಲ ಹಾದಿಗಳೂ ಕೆಲಕ್ಷಣ ಕಡಿದರೂ ಮೇಲಿನ ಸಂಪರ್ಕ ಉಳಿಯಬಲ್ಲದು. ಸೇತುವೆಯ ಮೇಲಿನ ಫೋನಿಗೆ ಬೇಕಾದದ್ದು ಅದೇ. ಆದರೆ ನಡುವಿನ ಫೈರ್‌ವಾಲ್‌ಗಳು ತಮಗೆ ಗೊತ್ತಿಲ್ಲದ ಚೀಟಿಯನ್ನು ಕಿತ್ತೆಸೆದುಬಿಡುತ್ತವೆ. ಆಗ ಅದು ಮಾಮೂಲಿ ಟಿಸಿಪಿಯಾಗಿ ಇಳಿಯಬೇಕಾಗುತ್ತದೆ. ಒಂದು ಹಾದಿ ತೀರ ನಿಧಾನವಾದರೆ ಅದರ ಮೇಲಿನ ಒಂದೇ ಪೊಟ್ಟಣಕ್ಕಾಗಿ ವೇಗದ ಹಾದಿಯದೂ ಕಾಯುತ್ತ ಕೂರಬೇಕು. ಎರಡು ಸಿಮ್ ಇದ್ದ ಮಾತ್ರಕ್ಕೆ ಎರಡು ಹಾದಿಯೆಂದೂ ತಿಳಿಯಬಾರದು. ಸಾಮಾನ್ಯ ಫೋನುಗಳಲ್ಲಿ ಒಂದು ಹೊತ್ತಿಗೆ ಡೇಟಾ ಹೋಗುವುದು ಒಂದೇ ಸಿಮ್ಮಿನಿಂದ.

2021ರ ಮೇ ತಿಂಗಳಲ್ಲಿ ಶಿಷ್ಟರೂಪ ಪಡೆದ ಕ್ವಿಕ್ ಇನ್ನೂ ಮುಂದೆ ಹೋಯಿತು. ಸಂಪರ್ಕಕ್ಕೆ ತನ್ನದೇ ಗುರುತು, ವಿಳಾಸ ಬದಲಾದರೆ ಸರ್ವರ್ 8 ಬೈಟಿನ ಒಂದು ಒಗಟು ಕಳಿಸುತ್ತದೆ, ಫೋನು ಅದನ್ನೇ ಮರಳಿಸಿದರೆ ಹೊಸ ವಿಳಾಸ ಖಾತ್ರಿ. ಸಿಗ್ನಲಿಂಗ್ ಕೂಡ ಗೂಢಲಿಪಿಯಲ್ಲಿರುವುದರಿಂದ ನಡುವಿನವರು ಕೀಳಲು ಏನೂ ಕಾಣುವುದಿಲ್ಲ. ಒಂದೇ ಗುರುತು ಎಲ್ಲ ಕಡೆ ಕಂಡರೆ ಪಯಣಿಗನನ್ನು ಹಿಂಬಾಲಿಸಬಹುದೆಂದು, ಹಾದಿ ಬದಲಾದಾಗ ಗುರುತನ್ನೂ ಬದಲಿಸಬೇಕೆಂಬ ನಿಯಮವಿದೆ. ಅಂಗಡಿಯ ಮುಂದೆ ನಿಂತು ಯುಪಿಐ ಒತ್ತಿದಾಗ ನೆಟ್‌ವರ್ಕ್ ಹೋಗಿ ‘ದುಡ್ಡು ಹೋಯ್ತೋ ಇಲ್ಲೋ’ ಎಂದು ತಿಳಿಯದ ಸ್ಥಿತಿಗೂ ಪರಿಹಾರ ಇದೇ ಜಾಡಿನದು. ಪ್ರತಿ ಪಾವತಿಗೂ ಸ್ವಂತ ಉಲ್ಲೇಖ ಸಂಖ್ಯೆಯಿದೆ, ಯಾವ ಟವರಿನಿಂದ ಹೋಗಿ ಕೇಳಿದರೂ ಆ ಸಂಖ್ಯೆಯ ಗತಿ ತಿಳಿಯುತ್ತದೆ.

ಈ ಗೆಲುವಿನಲ್ಲಿ ಕೈಬಿಟ್ಟದ್ದೂ ಇದೆ. ತುದಿಗಳು ಎಷ್ಟೇ ಜಾಣವಾದರೂ ದಾರಿಯಲ್ಲಿ ಜಾಗ ಕಾಯ್ದಿಡಲಾರವು. ಆ ಅಧಿಕಾರ ಮೊಬೈಲ್ ಕಂಪನಿಗಳ ಒಳಜಾಲದಲ್ಲಿ ಮಾತ್ರ ಉಳಿಯಿತು. ಅವು ಬಹುಮಾರ್ಗವನ್ನೂ ತಮ್ಮದೇ ರೀತಿ ಕಟ್ಟಿಕೊಂಡವು. 2022ರ ಅಕ್ಟೋಬರಿನಲ್ಲಿ ಭಾರತಕ್ಕೆ 5ಜಿ ಬಂದಾಗ ಜಿಯೊ ಸ್ವತಂತ್ರ 5ಜಿ ಜಾಲವನ್ನು ಆರಿಸಿತು, ಏರ್‌ಟೆಲ್ 4ಜಿಯ ಆಸರೆಯಲ್ಲಿ ನಿಲ್ಲುವ ರೂಪವನ್ನು. ಎರಡನೆಯದರಲ್ಲಿ ಡೇಟಾ ಎರಡೂ ರೇಡಿಯೊಗಳ ಮೇಲೆ ಹರಿಯುತ್ತದೆ, ಸಿಗ್ನಲಿಂಗಿನ ಲಂಗರು ಮಾತ್ರ 4ಜಿ. ಲಂಗರು ಕಿತ್ತರೆ ಪಕ್ಕದಲ್ಲೇ ಬಲವಾದ 5ಜಿ ಇದ್ದರೂ ಅದೂ ಹೋಗುತ್ತದೆ. ವೈಫೈಯನ್ನೂ ಮೊಬೈಲ್ ಜಾಲವನ್ನೂ ಒಂದೇ ಸಂಪರ್ಕವಾಗಿ ನಡೆಸುವ ಎಟಿಎಸ್‌ಎಸ್‌ಎಸ್ ಎಂಬ ಏರ್ಪಾಡು ಮೊಬೈಲ್ ಜಾಲಗಳ ಜಾಗತಿಕ ನಿಯಮಾವಳಿಯ, 2020ರಲ್ಲಿ ಮುಗಿದ 16ನೇ ಆವೃತ್ತಿಯಲ್ಲಿ ಬಂತು. ಅದರೊಳಗೆ ದುಡಿಯುವುದು ಅದೇ ಮಲ್ಟಿಪಾತ್ ಟಿಸಿಪಿ. ಕಿತ್ತೂರಿನ ಯಂತ್ರ ಕಟ್ಟಿದ ಸಿ-ಡಾಟ್ ಈಗ ಬಿಎಸ್‌ಎನ್‌ಎಲ್‌ನ ದೇಶೀ 4ಜಿಯ ಒಳಜಾಲವನ್ನು ಬರೆದಿದೆ. ಟಿಸಿಎಸ್ ಮತ್ತು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಅದರ ಜೊತೆಗಾರರು. ಗಡಿ ಸೇತುವೆಯ ಮೇಲೆ ಕಡತ ದಾಟಿಸುವ ಹೊಣೆ ಆ ಜಾಲದಲ್ಲಿ ಇನ್ನು ಈ ದೇಶೀ ತಂತ್ರಾಂಶದ್ದು.

ಮುಂದಿನ ತೊಡಕು ತಿರುಗಾಮುರುಗಾದ್ದು. ಅದೇ ನಿಯಮಾವಳಿಯ, 2022ರಲ್ಲಿ ಮುಗಿದ 17ನೇ ಆವೃತ್ತಿ ಉಪಗ್ರಹಗಳನ್ನೂ ಟವರ್‌ಗಳ ಲೆಕ್ಕಕ್ಕೆ ಸೇರಿಸಿತು. ಕೆಳಕಕ್ಷೆಯ ಉಪಗ್ರಹ ಸೆಕೆಂಡಿಗೆ ಏಳು ಕಿ.ಮೀ.ಗೂ ಹೆಚ್ಚು ಓಡುತ್ತದೆ, ಕೆಲವೇ ನಿಮಿಷಗಳಲ್ಲಿ ದಿಗಂತ ದಾಟುತ್ತದೆ. ಯರಗೇರಾದ ಹತ್ತಿ ಹೊಲದಲ್ಲಿ ಕದಲದೆ ನಿಂತ ಫೋನಿಗೂ ಆಗ ನಿಮಿಷಗಳಿಗೊಮ್ಮೆ ಟವರ್ ಬದಲಾಗುತ್ತದೆ. ಪ್ರತಿ ಬಾರಿ ನೋಂದಣಿ ಹೊಸದಾಗದಂತೆ ಪ್ರದೇಶಗಳ ಗೆರೆಯನ್ನು ಉಪಗ್ರಹದ ನೆರಳಿಗೆ ಕಟ್ಟದೆ ನೆಲಕ್ಕೇ ಕಟ್ಟಿದ್ದಾರೆ. ಉಪಗ್ರಹ ತಾನು ಈಗ ಯಾವ ನೆಲದ ಮೇಲಿದ್ದೇನೆಂದು ನೋಡಿಕೊಂಡು ಸಾರುವ ಹೆಸರನ್ನು ಬದಲಿಸುತ್ತ ಹೋಗಬೇಕು. ಅದರ ಬೆಳಕುವೃತ್ತ ಒಂದೇ ಹೊತ್ತಿಗೆ ಕೃಷ್ಣೆಯ ಆಚೆಯನ್ನೂ ತುಂಗಭದ್ರೆಯ ಆಚೆಯನ್ನೂ ಮುಚ್ಚುವಷ್ಟು ಅಗಲವಿದ್ದಾಗ ಅದು ಒಂದಕ್ಕಿಂತ ಹೆಚ್ಚು ಹೆಸರನ್ನು ಒಟ್ಟಿಗೆ ಸಾರಲೂ ನಿಯಮದಲ್ಲಿ ಎಡೆ ಮಾಡಲಾಗಿದೆ.